ಎಳೆದರೆ ಬಿಚ್ಚುವ ಗಂಟು

ನನ್ನ ಮೊಮ್ಮಗಳಿಗೆ ಇವತ್ತು ಕಿವಿ ಕೇಳಿಸಿತು.

ಇದನ್ನ ಮೊದಲು ಬರೆದುಬಿಟ್ಟೆ. ಮಿಕ್ಕಿದ್ದು ನಿಧಾನಕ್ಕೆ ಬರಲಿ. ಹುಟ್ಟಿ ಮೂರು ವರ್ಷ ಆದರೂ ಗುಡುಗಿಗೂ ಬೆಚ್ಚದೆ ಮಲಗುತ್ತಿದ್ದ ಕೂಸು ಇವತ್ತು ಬೆಳಿಗ್ಗೆ ಮೈಸೂರಿನ ಆಸ್ಪತ್ರೆಯ ಒಂದು ಸಣ್ಣ ರೂಮಿನಲ್ಲಿ ಸದ್ದು ಅಂದರೆ ಏನು ಅಂತ ಕಂಡಿತು. ಹೋದ ತಿಂಗಳು ಆಪರೇಷನ್ ಮಾಡಿ ಕಿವಿ ಹಿಂದೆ ಚರ್ಮದ ಒಳಗೆ ಒಂದು ಸಾಮಾನು ಕೂರಿಸಿದ್ದರು. ಇವತ್ತು ಅದರ ಮೇಲೆ ಹೊರಗಿನಿಂದ ಒಂದು ಬಿಲ್ಲೆ ಅಂಟಿಸಿ, ಕಿವಿಗೊಂದು ಮಿಷನ್ನು ಸಿಕ್ಕಿಸಿ, ಕಂಪ್ಯೂಟರಿನಿಂದ ಚಾಲೂ ಮಾಡಿದರು. ಸೊಸೆ ಕೂಸನ್ನ ತೊಡೆ ಮೇಲೆ ಕೂರಿಸಿಕೊಂಡಿದ್ದಳು. ನಾನು, ನನ್ನ ಮಗ, ಸೊಸೆಯ ಅಪ್ಪ ಮೂವರೂ ಬಾಗಿಲ ಹತ್ತಿರ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. "ಯಾರೂ ಕೈಸನ್ನೆ ಮಾಡಬೇಡಿ, ಮುಖ ತೋರಿಸಬೇಡಿ. ಮಗು ಕಣ್ಣಲ್ಲಿ ನೋಡಿ ತಿರುಗಿಬಿಟ್ರೆ ನಮಗೆ ಗೊತ್ತಾಗಲ್ಲ" ಅಂದಿದ್ದರು ಮಿಷನ್ನು ಚಾಲೂ ಮಾಡುವ ಮೇಡಮ್ಮು.

ಕೂಸಿನ ಕೈಯಲ್ಲಿ ಬಣ್ಣದ ಬಳೆಗಳಿದ್ದವು, ಕಂಬಕ್ಕೆ ಪೋಣಿಸೋ ಆಟದ್ದು. ಮೇಡಮ್ಮು ಏನೋ ಒತ್ತಿದರು. ಬಳೆ ಹಿಡಿದ ಕೈ ಹಾಗೇ ನಿಂತಿತು. ತುಟಿ ಅದುರಿತು. ಆಮೇಲೆ ಒಂದೇ ಸಮ ಅಳೋಕೆ ಶುರು.

ನನ್ನ ಮಗ ಹೆದರಿಬಿಟ್ಟ. "ಮೇಡಂ, ನೋಯ್ತಾ ಇದ್ಯೇನೋ, ನಿಲ್ಸಿ" ಅಂದ.

"ನೋವಲ್ಲಪ್ಪ. ಕೇಳಿಸ್ತು ಅಂತ ಅಳ್ತಿರೋದು. ಅವಳ ಅಳು ಅವಳಿಗೇ ಮೊದಲ ಸಲ ಕೇಳಿಸ್ತಾ ಇದೆ. ಅಳ್ಲಿ ಬಿಡಿ" ಅಂದರು.

ನಾವು ಮೂವರು ಗಂಡಸರೂ ಬೇರೆ ಬೇರೆ ಕಡೆ ಮುಖ ತಿರುಗಿಸಿಕೊಂಡೆವು.

ಇದು ಇನ್ನೂ ಬರೀ ಸದ್ದು, ಮಾತು ಅರ್ಥ ಆಗೋಕೆ ವರ್ಷಗಟ್ಟಲೆ ಕಲಿಸಬೇಕು, ತಪ್ಪದೆ ಕರಕೊಂಡು ಬರಬೇಕು ಅಂತಲೂ ಹೇಳಿದರು. ಬತ್ತೀವಿ ತಾಯಿ ಅಂದೆ. ನಡಕೊಂಡು ಬಾ ಅಂದಿದ್ದರೂ ಬತ್ತಿದ್ದೆ.

ಬರುವಾಗ ಬಿಳಿಕೆರೆಯಲ್ಲಿ ಬಸ್ಸು ಜನ ಹತ್ತಿಸಿಕೊಂಡು ಹೊರಟಾಗ ಕಂಡಕ್ಟರು ಸೀಟಿ ಊದಿದ. ನನ್ನ ತೊಡೆ ಮೇಲಿದ್ದ ಕೂಸು ಕೈ ಎತ್ತಿ ಕಿವಿ ಮೇಲಿಟ್ಟುಕೊಂಡು ಅವನ ಕಡೆಗೇ ತಿರುಗಿ ನೋಡಿತು. ನನ್ನ ಬುದ್ಧಿ ಕೈಕೊಟ್ಟಿತು. "ಇನ್ನೊಂದ್ಸಲ ಊದಪ್ಪ" ಅಂದೆ.

"ಊದುದ್ರೆ ಬಸ್ ನಿಂತೋಯ್ತದೆ ತಾತ."

"ನಿಲ್ಲಲಿ ಬುಡಪ್ಪ."

ಅವನು ಕೂಸಿನ ಕಿವಿಯ ಮಿಷನ್ನು ನೋಡಿದ, ನನ್ನ ಮುಖ ನೋಡಿದ, ಊದಿದ. ಬಸ್ಸು ನಿಂತಿತು. "ಯಾವನ್ಲಾ ಇಳಿಯೋನು, ಈಗ್ ತಾನೆ ಒಂಟದೆ" ಅಂತ ಡ್ರೈವರು ಕೂಗಾಡಿದ. ಕೂಸು ಡ್ರೈವರ ಕಡೆಗೂ ತಿರುಗಿತು. ಹಿಂದಿನ ಸೀಟಿನ ಹೆಂಗಸರು ಹುಣಸೂರು ಬರೋವರೆಗೂ ಕೈಬಳೆ ಅಲ್ಲಾಡಿಸಿ ಅಲ್ಲಾಡಿಸಿ ಕೂಸನ್ನ ತಮ್ಮ ಕಡೆ ತಿರುಗಿಸಿಕೊಂಡರು.

ಪಕ್ಕದಲ್ಲಿ ಕೂತಿದ್ದ ನಮ್ಮ ಬೀಗ, ಅಂದರೆ ಸೊಸೆಯ ಅಪ್ಪ, ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ತನ್ನ ಬಲಗಾಲು ಉಜ್ಜಿಕೊಳ್ಳುತ್ತಿದ್ದ. ಅವನ ಬಲಗಾಲಿಗೆ ಪಾದ ಇಲ್ಲ. ಕೃತಕ ಪಾದ ಹಾಕಿಕೊಂಡಿದಾನೆ, ಬಹಳ ಹೊತ್ತು ಬಸ್ಸಲ್ಲಿ ಕೂತರೆ ಅದು ಕಚ್ಚುತ್ತದೆ. ಆ ಪಾದ ಹೋಗಿದ್ದರಲ್ಲಿ ನನ್ನ ಕೈ ಇತ್ತು. ಅವನಿಗದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇವತ್ತು ಊಟಕ್ಕೆ ಕೂತಾಗ ಹೇಳಿಬಿಡಬೇಕು, ಹೇಳಿದ ಮೇಲೆ ಅವನು ನಮ್ಮ ಮನೆ ಮೆಟ್ಟಿಲು ತುಳಿಯದಿದ್ದರೂ ಸರಿಯೇ ಅಂತ ಆ ಬಸ್ಸಿನಲ್ಲೇ ತೀರ್ಮಾನ ಮಾಡಿದೆ.

ಏನು ನಡೆಯಿತು ಅಂತ ಬರೀತೀನಿ.

ನಾನು ಓದಿದ್ದು ಎಂಟನೇ ಕ್ಲಾಸು. ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗೋ ದಾರಿಯಲ್ಲಿ. ಹೊಗೆಸೊಪ್ಪು ಬೆಳೀತೀವಿ. ಹಸಿ ಎಲೆ ಕಿತ್ತು ತಂದು, ಎರಡು ಮೂರು ಸೇರಿಸಿ ಉದ್ದ ಕಡ್ಡಿಗೆ ದಾರದಲ್ಲಿ ಕಟ್ಟಿ, ಕಡ್ಡಿಗಳನ್ನ ಬ್ಯಾರನ್ನು ಅನ್ನೋ ಎತ್ತರದ ಬೇಯಿಸೋ ಮನೆ ಒಳಗೆ ಸಾಲಾಗಿ ತೂಗುಹಾಕಿ, ಐದಾರು ದಿನ ಉರಿ ಕೊಟ್ಟು ಬೇಯಿಸಬೇಕು. ಕಡ್ಡಿ ಕಟ್ಟಿ ಮುಗಿಸುವಾಗ ಹಾಕುವ ಗಂಟಿಗೆ ಒಂದು ಗುಣ ಇರಬೇಕು. ಎಲೆ ತೂಗಾಡುವಾಗ ಬಿಗಿಯಾಗಿರಬೇಕು. ಬೆಂದ ಮೇಲೆ ದಾರದ ತುದಿ ಹಿಡಿದು ಎಳೆದರೆ ಸರ್ರಂತ ಬಿಚ್ಚಿಕೊಂಡು ಎಲೆಯೆಲ್ಲ ಉದುರಬೇಕು. ನಮ್ಮವ್ವ ಪಕ್ಕದವಳ ಜೊತೆ ಮಾತಾಡಿಕೊಂಡು, ಕೈ ನೋಡದೇ ಕಟ್ಟೋಳು. ನಾನು ಆರೇಳು ವರ್ಷಕ್ಕೇ ಕಲಿತುಬಿಟ್ಟಿದ್ದೆ.

ಸೈನ್ಯಕ್ಕೆ ಸೇರಿದಾಗ ಅಲ್ಲಿನ ಹವಾಲ್ದಾರ್ ಸಾಹೇಬರು ನಮ್ಮೆಲ್ಲರ ಕೈಗೆ ಹಗ್ಗ ಕೊಟ್ಟು ಗಂಟು ಹಾಕಿಸಿದರು. ನನ್ನ ಬೆರಳು ಓಡುವುದು ನೋಡಿ, "ಈ ಕೈ ಯಾವ ಕೆಲಸ ಮಾಡಿದ್ದು?" ಅಂದರು. ಹೊಗೆಸೊಪ್ಪು ಸಾಬ್ ಅಂದೆ. ನನ್ನನ್ನ ಟೆಲಿಫೋನ್ ಲೈನಿನ ಕೆಲಸಕ್ಕೆ ಹಾಕಿದರು. ಕೇಬಲ್ ಡ್ರಮ್ಮು ಬೆನ್ನಿಗೆ ಕಟ್ಟಿಕೊಂಡು ಪೋಸ್ಟಿನಿಂದ ಪೋಸ್ಟಿಗೆ ಎಳೆಯೋದು, ಕತ್ತರಿಸಿಹೋದರೆ ಹುಡುಕಿ ಜೋಡಿಸೋದು. ಹತ್ತು ವರ್ಷ ಅದನ್ನೇ ಮಾಡಿದೆ. ಆಮೇಲೆ ಯುದ್ಧ ಬಂತು.

ಯುದ್ಧ ಅಂದರೆ ಜನ ಬಂದೂಕು ಅಂದುಕೊಳ್ಳುತ್ತಾರೆ. ಊರಿಗೆ ಬಂದ ಮೇಲೆ ಟೀ ಅಂಗಡಿಯಲ್ಲಿ ಎಷ್ಟೋ ಜನ ಕೇಳಿದರು, ಎಷ್ಟ್ ಜನುನ್ನ ಹೊಡದೆ ಅಂತ. ನಾನು ಆ ಬೇಸಿಗೆಯಲ್ಲಿ ಹಿಡಿದಿದ್ದು ಇಕ್ಕಳ, ಟೇಪು, ಫೋನ್ ಪೆಟ್ಟಿಗೆ. ಮೇಲೆ ಬೆಟ್ಟದ ನೆತ್ತಿಗೆ ಒಂದು ಪೋಸ್ಟು. ಕೆಳಗೆ ಕಣಿವೆಯಲ್ಲಿ ನಮ್ಮ ಕ್ಯಾಂಪು. ನಡುವೆ ನಾಲ್ಕೈದು ಗಂಟೆ ಹತ್ತುವ ಕಲ್ಲು ಇಳಿಜಾರು, ನೆರಳಿನ ಕಡೆಯೆಲ್ಲ ಹಿಮ. ವೈರ್‌ಲೆಸ್ಸಿನ ಬ್ಯಾಟರಿ ಆ ಚಳಿಗೆ ಕೂತುಹೋಗಿತ್ತು, ಆದ್ದರಿಂದ ನಮ್ಮ ಕೇಬಲ್ಲೇ ಗತಿ. ದಾರಿಯ ಅರ್ಧದಲ್ಲಿ ಒಂದು ಬಂಡೆಯ ಕೆಳಗೆ, ಇಬ್ಬರು ಕೂರುವಷ್ಟು ಜಾಗದಲ್ಲಿ, ನನ್ನೊಬ್ಬನನ್ನ ಕೂರಿಸಿದರು. ಹನ್ನೊಂದು ದಿನ ಅಲ್ಲಿದ್ದೆ.

ಕೆಲಸ ಇಷ್ಟು. ಗಂಟೆಗೊಂದು ಸಲ ಪೆಟ್ಟಿಗೆಯ ಹ್ಯಾಂಡಲ್ ಮೂರು ಸುತ್ತು ತಿರುಗಿಸಿ ಮೇಲಿನವರನ್ನ ಕರೆಯಬೇಕು. ಹತ್ತು ಎಣಿಸುವವರೆಗೆ ಕಾಯಬೇಕು. ಉತ್ತರ ಬರದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. ಮೂರು ಸಲಕ್ಕೂ ಬರದಿದ್ದರೆ ಆ ಕಡೆ ಲೈನು ಸತ್ತಿದೆ ಅಂತ ಲೆಕ್ಕ. ಹಾಗೇ ಕೆಳಗಿನವರನ್ನೂ ಕರೆಯಬೇಕು. ಸತ್ತ ಕಡೆಗೆ ಕೇಬಲ್ಲನ್ನ ಕೈಯಲ್ಲಿ ಸವರಿಕೊಂಡು ಹೋಗಬೇಕು, ಕಣ್ಣಿಗೆ ಕಾಣುತ್ತದೆ ಅಂತ ಕೈ ಬಿಡಬಾರದು. ತುಂಡಾದ ಜಾಗ ಸಿಕ್ಕಿದರೆ ಮೊದಲು ಎರಡೂ ತುದಿ ಸೇರಿಸಿ ಗಂಟು ಹಾಕಬೇಕು, ಎಳೆದಷ್ಟೂ ಬಿಗಿಯಾಗುವ ಗಂಟು. ಎಳೆತವನ್ನೆಲ್ಲ ಆ ಗಂಟು ಹೊರಬೇಕು, ಒಳಗಿನ ತಂತಿ ಹೊರಬಾರದು. ಆಮೇಲೆ ರಬ್ಬರು ಸುಲಿದು ತಂತಿಗೆ ತಂತಿ ಹೊಸೆಯಬೇಕು. ಕೇಬಲ್ಲಿನಲ್ಲಿ ಎರಡು ಎಳೆ ಇರುತ್ತವೆ. ಅವುಗಳ ಜೋಡಣೆ ಒಂದೇ ಕಡೆ ಬರಬಾರದು, ಒಂದು ಗೇಣು ಹಿಂದೆ ಮುಂದೆ ಇರಬೇಕು. ಟೇಪು ಸುತ್ತಬೇಕು. ಕೊನೆಗೆ ಎರಡು ಕೈಯಲ್ಲೂ ಹಿಡಿದು ಬಲವಾಗಿ ಎಳೆದು ನೋಡಬೇಕು. ಎಳೆದು ನೋಡದ ಜೋಡಣೆ ಜೋಡಣೆಯೇ ಅಲ್ಲ ಅಂತ ನಮ್ಮ ಹವಾಲ್ದಾರ್ ಸಾಹೇಬರು ಹೇಳೋರು.

ಪೆಟ್ಟಿಗೆಯ ಬ್ಯಾಟರಿ ತಣ್ಣಗಾಗಬಾರದು ಅಂತ ಅಂಗಿ ಒಳಗೆ, ಹೊಟ್ಟೆಗೆ ಒತ್ತಿಕೊಂಡು ಇಟ್ಟುಕೊಳ್ಳುತ್ತಿದ್ದೆ. ಎರಡು ದಿನಕ್ಕೊಮ್ಮೆ ಸಾಮಾನು ಹೊರುವವರು ಪೂರಿ, ಸಕ್ಕರೆ, ಸೀಮೆಎಣ್ಣೆ ಇಟ್ಟು ನಿಲ್ಲದೆ ಹೋಗುತ್ತಿದ್ದರು. ಮಿಕ್ಕಂತೆ ಮನುಷ್ಯರ ಮುಖ ಇಲ್ಲ. ನನ್ನ ಉಸಿರಿನ ಸದ್ದು ನನಗೇ ಜೋರಾಗಿ ಕೇಳುತ್ತಿತ್ತು. ಊರಿನಲ್ಲಿ ಬ್ಯಾರನ್ನಿನ ಉರಿ ಕಾಯುತ್ತಾ ಒಬ್ಬನೇ ಕೂತು ಅಭ್ಯಾಸ ಇತ್ತು. ಆದರೆ ಅಲ್ಲಿ ಯಾರಾದರೂ ಬೀಡಿಗೆ ಬೆಂಕಿ ಕೇಳಿಕೊಂಡು ಬಂದೇ ಬರುತ್ತಿದ್ದರು. ಇಲ್ಲಿ ಗಂಟೆಗೊಂದು ಸಲ ಮೇಲೊಂದು ದನಿ, ಕೆಳಗೊಂದು ದನಿ, ಅಷ್ಟೇ.

ಎರಡನೇ ದಿನ ಮೇಲಿನ ಫೋನಿಗೆ ಹೊಸಬ ಬಂದ. ಫಿರಂಗಿಯವರ ಜೊತೆ ಬಂದವನು, ನಮ್ಮ ಯೂನಿಟ್ಟಲ್ಲ. ನಾನು ಹಿಂದಿಯಲ್ಲಿ ಲೈನ್ ಸರಿಯಿದೆಯಾ ಅಂತ ಕೇಳಿದೆ. ಅವನು ಹಿಂದಿಯಲ್ಲೇ ಸರಿಯಿದೆ ಅಂದ. ರಿಸೀವರು ಇಡುವ ಮೊದಲು ತನಗೆ ತಾನೇ, "ತಥ್, ಏನ್ ಚಳಿಯಪ್ಪ ಇದು, ಇದ್ರ ಮನೆ ಕಾಯೋಗ" ಅಂದ.

ಕನ್ನಡ ಕಿವಿಗೆ ಬಿತ್ತು. "ಯಾವೂರ್ಲಾ?" ಅಂದೆ.

"ಭೇರ್ಯ ಕಣ್ಲಾ. ಕೆ.ಆರ್. ನಗರದ ತಾವ. ನೀನು?"

"ಹುಣಸೂರು ಕಡೆ."

"ಹೊಗೆಸೊಪ್ಪಿನವ್ನು ಅನ್ನು. ಅದುಕ್ಕೇ ನಿನ್ ದನಿ ಕೆಮ್ಮಲು."

ಲೈನಿನಲ್ಲಿ ಹಿಂದಿ ಬಿಟ್ಟು ಬೇರೆ ಮಾತಾಡಬಾರದು ಅಂತ ಕಟ್ಟಪ್ಪಣೆ. ನಾವು ಕೆಲಸದ ಮಾತು ಮುಗಿಸಿ ಅರ್ಧ ನಿಮಿಷ ಕದಿಯುತ್ತಿದ್ದೆವು. ಅವನ ಹೆಸರು ನಾನು ಕೇಳಲಿಲ್ಲ, ನನ್ನದು ಅವನು ಕೇಳಲಿಲ್ಲ. ಅವನು ಭೇರ್ಯ, ನಾನು ಹುಣಸೂರು. "ಏನ್ಲಾ ಹುಣಸೂರು, ಇವತ್ತು ಏನ್ ಉಂಡೆ?" "ಪೂರಿ. ಕಲ್ಲಲ್ಲಿ ಕುಟ್ಟಿ ತಿಂದೆ." "ನಮ್ ಗದ್ದೆ ಅಕ್ಕಿ ಅನ್ನ ಉಣ್ಣುಸ್ತೀನಿ ಬಾ, ನಿಮ್ ಮುದ್ದೆ ಮರ್ತ್ ಬುಡ್ತೀಯ." ಆ ಅರ್ಧ ನಿಮಿಷಕ್ಕೋಸ್ಕರ ಮಿಕ್ಕ ಗಂಟೆ ದೂಡುತ್ತಿದ್ದೆ.

ಎಂಟನೇ ದಿನ ಬೆಳಿಗ್ಗೆ ಮೇಲಿನ ಲೈನು ಸತ್ತಿತು. ಸವರಿಕೊಂಡು ಹೋದೆ. ಮುಕ್ಕಾಲು ಗಂಟೆ ದಾರಿಯಲ್ಲಿ ಮೇಲಿಂದ ಉರುಳಿದ ಕಲ್ಲಿಗೆ ಕೇಬಲ್ಲು ಕತ್ತರಿಸಿತ್ತು. ಕೈಗವಸು ಹಾಕಿಕೊಂಡು ತಂತಿ ಹೊಸೆಯೋಕೆ ಆಗಲ್ಲ, ಬಿಚ್ಚಿದೆ. ಗಾಳಿ ಸೂಜಿ ಚುಚ್ಚಿದ ಹಾಗೆ. ಬೆರಳು ನನ್ನವಲ್ಲ ಅನ್ನಿಸುವಷ್ಟು ಮರಗಟ್ಟಿದವು. ಗಂಟು ಹಾಕಿದೆ, ಹೊಸೆದೆ, ಟೇಪು ಸುತ್ತಿದೆ. ಅಲ್ಲೇ ಪೆಟ್ಟಿಗೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದೆ. "ಬತ್ತಾ ಅದೆ ಕಣ್ಲಾ ದನಿ, ಓಗು, ಬಂಡೆ ಕೆಳಕ್ಕೆ ಓಗು" ಅಂದ ಭೇರ್ಯದವನು. ನಾನು ಹೊರಟುಬಿಟ್ಟೆ. ಎಳೆದು ನೋಡಲಿಲ್ಲ.

ಬಂಡೆಗೆ ಬಂದು ಕೈ ಕಾಯಿಸಿಕೊಳ್ಳುವಷ್ಟರಲ್ಲಿ ಶೆಲ್ಲು ಬೀಳೋಕೆ ಶುರುವಾಯಿತು. ಮೊದಲು ನೆತ್ತಿಯ ಪೋಸ್ಟಿನ ಮೇಲೆ, ಆಮೇಲೆ ಇಳಿಜಾರಿನ ಉದ್ದಕ್ಕೂ. ಮಧ್ಯಾಹ್ನ ಹನ್ನೆರಡರ ಕರೆಗೆ ಮೇಲಿನಿಂದ ಉತ್ತರ ಇಲ್ಲ. ಮೂರು ಸಲ ಕರೆದೆ. ಕೆಳಗೆ ಕ್ಯಾಂಪಿನ ಹವಾಲ್ದಾರ್ ಸಾಹೇಬರಿಗೆ ಹೇಳಿದೆ. "ಶೆಲ್ಲಿಂಗ್ ಕಡಿಮೆಯಾಗಲಿ, ಆಮೇಲೆ ಹೋಗು. ನೀನು ಸತ್ತರೆ ಲೈನು ಯಾರು ನೋಡುತ್ತಾರೆ" ಅಂದರು. ಕಾದೆ. ಒಂದು ಗಂಟೆಗೆ ಕರೆದೆ, ಎರಡಕ್ಕೆ ಕರೆದೆ. ಪೆಟ್ಟಿಗೆ ಸತ್ತ ಕೋಳಿಯ ಹಾಗೆ ಬಿದ್ದಿತ್ತು. ಎರಡೂವರೆಗೆ ತಡೆಯಲಾಗಲಿಲ್ಲ. ಕೆಳಗಿನ ಲೈನನ್ನ ಮೇಲಿನದಕ್ಕೆ ನೇರ ಸೇರಿಸಿ ಪೆಟ್ಟಿಗೆ ಎತ್ತಿಕೊಂಡೆ. ಹೊರಟೆ.

ಕೇಬಲ್ಲು ಸವರಿಕೊಂಡು, ಒಂದೊಂದು ಶೆಲ್ಲಿಗೂ ಕಲ್ಲಿನ ಮರೆಗೆ ಬಿದ್ದು ಎದ್ದು ಹತ್ತಿದೆ. ಎಲ್ಲೋ ಶೆಲ್ಲು ಬಿದ್ದು ತುಂಡಾಗಿರುತ್ತದೆ, ಸುಟ್ಟ ಗುರುತು ಸಿಗುತ್ತದೆ ಅಂದುಕೊಂಡಿದ್ದೆ. ಬೆಳಿಗ್ಗೆ ಜೋಡಿಸಿದ ಜಾಗಕ್ಕೇ ಬಂದೆ. ಅಲ್ಲಿ ಸುಟ್ಟ ಗುರುತಿಲ್ಲ, ಗುಂಡಿಯಿಲ್ಲ. ಗಾಳಿಗೆ ಕೇಬಲ್ಲು ಜಗ್ಗಿದೆ, ಗಂಟು ಸಲೀಸಾಗಿ ಬಿಚ್ಚಿಕೊಂಡಿದೆ, ಎಳೆತ ತಾಳದೆ ಒಳಗಿನ ತಂತಿ ಕಿತ್ತುಬಂದಿದೆ. ಗಂಟಿನ ಮಡಿಕೆ ಕೇಬಲ್ಲಿನಲ್ಲಿ ಇನ್ನೂ ಹಾಗೇ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮವ್ವನ ಗಂಟು. ಹೊಗೆಸೊಪ್ಪಿನ ಕಡ್ಡಿಗೆ ಹಾಕೋದು. ಬೆರಳಿಗೆ ಸ್ಪರ್ಶ ಇಲ್ಲದಾಗ ಕೈ ತನಗೆ ಮೊದಲು ಗೊತ್ತಿದ್ದುದನ್ನೇ ಕಟ್ಟಿಬಿಟ್ಟಿತ್ತು.

ಎಷ್ಟು ಹೊತ್ತು ನೋಡುತ್ತಾ ಕೂತೆನೋ. ಆಮೇಲೆ ಸರಿಯಾದ ಗಂಟು ಹಾಕಿ ಜೋಡಿಸಿದೆ, ಹಲ್ಲಿನಲ್ಲೂ ಕಚ್ಚಿ ಎಳೆದು ನೋಡಿದೆ. ಹ್ಯಾಂಡಲ್ ತಿರುಗಿಸಿದೆ. ಆ ಕಡೆ ದನಿ ಬಂತು, ಬಹಳ ಸಣ್ಣಗೆ.

"ಬದ್ಕಿದ್ದೀಯೇನ್ಲಾ ಹುಣಸೂರು?"

"ಬದ್ಕಿವ್ನಿ. ಲೈನ್ ಬಂತು, ಹೇಳು."

"ನನ್ ಕಾಲ್‌ಗೆ ಬಿದ್ದದೆ ಕಣ್ಲಾ. ಆವಾಗ್ಲೇ ಬಿದ್ದದೆ. ಬಟ್ಟೆ ಬಿಗಿದೀವ್ನಿ. ಕೆಳಗಿಂದ ಸ್ಟ್ರೆಚರ್ ಕಳ್ಸಕ್ಕೇಳು. ಇನ್ನೂ ಇಬ್ರವ್ರೆ."

ಸಂದೇಶ ಕೆಳಗೆ ದಾಟಿಸಿದೆ. ಬಾಯಿ ಮುಚ್ಚುವಷ್ಟರಲ್ಲಿ ನನ್ನ ಎಡಗಡೆ ಹತ್ತು ಮಾರು ದೂರದಲ್ಲಿ ಒಂದು ಶೆಲ್ಲು ಬಿತ್ತು. ಕಲ್ಲಿನ ಮರೆ ಇದ್ದುದರಿಂದ ಮೈ ಉಳಿಯಿತು. ಎಡಗಿವಿಯಿಂದ ಬಿಸಿಯಾಗಿ ಏನೋ ಕುತ್ತಿಗೆಗೆ ಇಳಿಯಿತು. ಅವತ್ತಿನಿಂದ ಆ ಕಿವಿಯಲ್ಲಿ ಏನೂ ಇಲ್ಲ. ಬಲಗಿವಿಗೆ ರಿಸೀವರು ಒತ್ತಿಕೊಂಡು ಲೈನು ಇದೆಯಾ ನೋಡಿದೆ. ಇತ್ತು.

ಹವಾಲ್ದಾರ್ ಸಾಹೇಬರು ಕೆಳಗಿನಿಂದ ಕೇಳಿದರು, ರಿಪೋರ್ಟಿಗೆ ಬರೆಯಬೇಕಲ್ಲ, "ಲೈನು ಯಾಕೆ ಕಡಿದಿತ್ತು?"

ಹೇಳಬಹುದಿತ್ತು. ಎರಡು ಮಾತು. ನಾನು, "ಶೆಲ್ಲು ಬಿತ್ತು ಸಾಬ್" ಅಂದೆ.

ಸಂಜೆಗೆ ಸ್ಟ್ರೆಚರಿನವರು ಮೇಲೆ ಹೋಗಿ, ಮಾರನೇ ಬೆಳಿಗ್ಗೆ ನನ್ನ ಬಂಡೆಯ ಮುಂದೆಯೇ ಇಳಿದರು. ಮೂರು ಸ್ಟ್ರೆಚರು. ಎಲ್ಲರಿಗೂ ಮುಖದವರೆಗೆ ಕಂಬಳಿ ಸುತ್ತಿತ್ತು. ಅವರಲ್ಲಿ ಒಬ್ಬ ಭೇರ್ಯದವನು. ಎದ್ದುಹೋಗಿ ಮುಖ ನೋಡಬಹುದಿತ್ತು, ಒಂದು ಮಾತಾಡಬಹುದಿತ್ತು. ನಾನು ಪೆಟ್ಟಿಗೆ ಹಿಡಿದುಕೊಂಡು ಬೆನ್ನು ತಿರುಗಿಸಿ ಕೂತೆ, ಕರೆ ಬಂದವನ ಹಾಗೆ. ಹೆಜ್ಜೆ ಸದ್ದು ಮುಗಿಯುವವರೆಗೂ.

ಶೆಲ್ಲಿನ ಮಳೆಯಲ್ಲಿ, ಕಿವಿ ಒಡೆದುಕೊಂಡು ಲೈನು ಜೋಡಿಸಿದ್ದಕ್ಕೆ ನನಗೆ ಒಂದು ಪ್ರಶಂಸಾಪತ್ರ ಕೊಟ್ಟರು. ನನ್ನ ಹೆಂಡತಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ನಡುಮನೆ ಗೋಡೆಗೆ ಹಾಕಿದಳು.

ಪೆನ್ಷನ್ ಆಗಿ ಊರಿಗೆ ಬಂದ ಮೇಲೆ ಹುಣಸೂರಿನ ಒಂದು ಎ.ಟಿ.ಎಂ. ಬಾಗಿಲಲ್ಲಿ ಕಾವಲು ಕೂತೆ. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಉರಿ ನೋಡಿಕೊಳ್ಳುತ್ತಿದ್ದೆ. ಆದರೆ ಕಡ್ಡಿ ಕಟ್ಟೋಕೆ ಮಾತ್ರ ಕೂರುತ್ತಿರಲಿಲ್ಲ. ಆಳು ಸಾಲದೆ ಎಲೆ ಬಾಡುತ್ತಿದ್ದರೂ ಕೂರುತ್ತಿರಲಿಲ್ಲ. ಮಿಲ್ಟ್ರಿಗೆ ಹೋಗಿ ಬಂದು ಸಾಹೇಬ್ರಾಗವ್ರೆ ಅಂತ ಆಳುಹೆಂಗಸರು ನಗೋರು. ಹೆಂಡತಿ ನಗುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಜನ ಎಡಗಡೆಯಿಂದ ಮಾತಾಡಿಸಿದರೆ ನನಗೆ ಕೇಳಿಸುತ್ತಿರಲಿಲ್ಲ, ನಾನದನ್ನ ಹೇಳುತ್ತಲೂ ಇರಲಿಲ್ಲ. ಉತ್ತರ ಕೊಡದವನು ಅಂತ ಹೆಸರಾಯಿತು. ನಿಧಾನಕ್ಕೆ ಮಾತಾಡಿಸುವವರು ಕಡಿಮೆಯಾದರು. ಅದೇ ಬಂಡೆಯ ಕೆಳಗೆ ಕೂತ ಹಾಗೆ, ಗಂಟೆಗೊಂದು ಕರೆಯೂ ಇಲ್ಲದೆ.

ಭೇರ್ಯಕ್ಕೆ ಎರಡು ಸಲ ಹೋದೆ. ಬಸ್ ಇಳಿದು, ಕಾಲಿಗೆ ಪೆಟ್ಟು ಬಿದ್ದು ಬಂದ ಸೈನಿಕ ಯಾರಪ್ಪ ಅಂತ ಕೇಳೋಕೆ ಬಾಯಿ ತೆರೆದು, ಒಂದು ಟೀ ಕುಡಿದು, ವಾಪಸ್ ಬಸ್ ಹತ್ತಿದೆ. ಎರಡು ಸಲವೂ ಹಾಗೇ.

ಆಮೇಲೊಂದು ದಿನ ಮೈಸೂರಿನ ಮಿಲ್ಟ್ರಿ ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದಿನವನು ಬಿದ್ದ ಚೀಲ ಎತ್ತಿಕೊಳ್ಳಲು ಪಕ್ಕಕ್ಕೆ ಸರಿದ, ನಾನು ಅವನ ಜಾಗಕ್ಕೆ ನುಗ್ಗಿದೆ. ಹಿಂದಿನಿಂದ, ಬಲಗಡೆಯಿಂದ ಒಂದು ದನಿ: "ಲೇ, ಅವ್ನ್ ಚೀಲ ತಗೊಳ್ಳೋದ್ರೊಳಗೆ ಬೆಟ್ಟ ಹತ್ಬುಟ್ಯಲ್ಲೋ, ಮನೆ ಕಾಯೋಗ."

ಮುಖ ಎಂದೂ ನೋಡಿರಲಿಲ್ಲ. ಆದರೆ ಆ ದನಿ ಸಾವಿರ ಜನರ ನಡುವೆಯೂ ಗೊತ್ತಾಗುತ್ತಿತ್ತು. ತಿರುಗಿ, "ಭೇರ್ಯ" ಅಂದೆ. ಅವನು ಊರುಗೋಲು ಕೆಳಗೆ ಹಾಕಿ ನನ್ನನ್ನ ಅಪ್ಪಿಕೊಂಡ. ಅವತ್ತೇ ಹೇಳಬೇಕಿತ್ತು. ಅವನೇ ಕಾಲು ತೋರಿಸಿ, "ಒಂದೆರಡ್ ಗಂಟೆ ಮುಂಚೆ ಬಂದಿದ್ರೆ ಪಾದ ಉಳೀತಿತ್ತು ಅಂದ್ರು ಡಾಕ್ಟ್ರು. ಆ ದರಿದ್ರ ಶೆಲ್ಲು ಲೈನ್ ಮೇಲೇ ಬೀಳಬೇಕಾ" ಅಂದ. ಹೂಂ ಅಂದೆ.

ಆಮೇಲೆ ಅವನು ನಮ್ಮ ಮನೆಗೆ ಬಂದ, ನಾನು ಅವನ ಮನೆಗೆ ಹೋದೆ. ಅವನ ಗದ್ದೆಯ ಅಕ್ಕಿ ಅನ್ನವೂ ಉಂಡೆ. ನಮ್ಮ ಮನೆಗೆ ಬಂದಾಗೆಲ್ಲ ಗೋಡೆಯ ಮೇಲಿನ ಕಟ್ಟಿಗೆ ಸೆಲ್ಯೂಟ್ ಹೊಡೆದೇ ಕೂರೋನು. ಅವನ ಮಗಳು ನನ್ನ ಮಗನಿಗೆ ಒಪ್ಪಿಗೆಯಾದಳು. ಪ್ರತಿ ಸಲ ಇನ್ನು ಮುಂದೆ ಹೇಳೋದು ಹೇಗೆ ಅನ್ನಿಸುತ್ತಿತ್ತು. ಗೆಳೆಯನಿಗೆ ಹೇಳದ್ದನ್ನ ಬೀಗನಿಗೆ ಹೇಳೋದು ಇನ್ನೂ ಕಷ್ಟ.

ಕೂಸು ಹುಟ್ಟಿತು. ಒಂದು ವರ್ಷದ ಹೊತ್ತಿಗೆ, ಬ್ಯಾರನ್ನಿನ ಪಕ್ಕ ಚಾಪೆ ಮೇಲೆ ಮಲಗಿದ್ದಾಗ ಮೇಲಿನಿಂದ ಒಂದು ತಗಡು ಕಲ್ಲಿನ ಮೇಲೆ ಬಿತ್ತು. ನಾವೆಲ್ಲ ಎದ್ದು ಓಡಿಬಂದೆವು. ಕೂಸು ಕಣ್ಣು ಕೂಡ ಬಿಡಲಿಲ್ಲ. ಅವತ್ತು ನನಗೊಂದು ಯೋಚನೆ ಹೊಕ್ಕಿತು. ಮೂರು ಗಂಟೆ ಕಾಲ ಒಬ್ಬನ ದನಿ ನಾನು ಮುಚ್ಚಿಟ್ಟೆ, ಸುಳ್ಳು ಬೇರೆ ಹೇಳಿದೆ, ಅದಕ್ಕೇ ಹೀಗಾಯಿತು ಅಂತ. ಡಾಕ್ಟರು ಹುಟ್ಟುವಾಗಲೇ ಹೀಗೆ ಇರುತ್ತದೆ, ಯಾರ ತಪ್ಪೂ ಅಲ್ಲ ಅಂದರು. ಅವರಿಗೇನು ಗೊತ್ತು ಅಂದುಕೊಂಡೆ. ಆದರೆ ಈ ಕೂಸು ಬೀಗನಿಗೂ ಮೊಮ್ಮಗಳೇ ಅಲ್ಲವಾ, ಪಾದ ಕಳಕೊಂಡವನಿಗೇ ಇನ್ನೊಂದು ಏಟು ಕೊಡುವ ದೇವರು ಯಾವನು ಅಂತಲೂ ಅನ್ನಿಸುತ್ತಿತ್ತು. ಆಪರೇಷನ್ ಆಗುವವರೆಗೆ ಈ ಎರಡರ ನಡುವೆಯೇ ಸುತ್ತಿದೆ.

ಇವತ್ತು ಆ ಕೈ ಬಳೆ ಹಿಡಿದು ಹಾಗೇ ನಿಂತಿತಲ್ಲ, ಆವಾಗ ಮುಚ್ಚಿಟ್ಟಿದ್ದು ಸಾಕು ಅನ್ನಿಸಿತು.

ಮನೆಗೆ ಬಂದಾಗ ಹೆಂಡತಿ ಒತ್ತುಶ್ಯಾವಿಗೆ ಒತ್ತುತ್ತಿದ್ದಳು, ನಾಟಿಕೋಳಿ ಸಾರು ಕುದಿಯುತ್ತಿತ್ತು. ಭೇರ್ಯದಿಂದ ಬೀಗಿತ್ತಿಯೂ ಬಂದಿದ್ದರು. ಸಂಜೆ ಬೆಳಕಿರುವಾಗಲೇ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಕೂರುವ ಮೊದಲು ನಾನು ಗೋಡೆಯ ಕಟ್ಟು ಇಳಿಸಿ ಕೆಳಗಿಟ್ಟೆ.

"ಅದ್ಯಾಕ್ರೀ ತಗುದ್ರಿ?" ಅಂದಳು ಹೆಂಡತಿ.

ಹೇಳಿದೆ. ಗಂಟಿನಿಂದ ಶುರುಮಾಡಿ, ಶೆಲ್ಲು ಬಿತ್ತು ಸಾಬ್ ಅಂದಿದ್ದರವರೆಗೆ, ಬಂಡೆ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದರವರೆಗೆ. ಬೀಗನ ಮುಖ ನೋಡದೆ ಹೇಳಿದೆ. ಮುಗಿದಾಗ ಯಾರೂ ಉಣ್ಣುತ್ತಿರಲಿಲ್ಲ. ಸೊಸೆ ಒಮ್ಮೆ ಅವಳಪ್ಪನನ್ನ, ಒಮ್ಮೆ ನನ್ನನ್ನ ನೋಡುತ್ತಿದ್ದಳು. ಬೀಗ ಚಾಚಿಕೊಂಡಿದ್ದ ಕಾಲಿನ ತುದಿಯನ್ನೇ ನೋಡುತ್ತಿದ್ದ. ಎದ್ದುಹೋಗುತ್ತಾನೆ ಅಂದುಕೊಂಡೆ. ಎದ್ದರೆ ತಡೆಯಬಾರದು ಅಂತಲೂ ಅಂದುಕೊಂಡೆ.

"ಆ ಮೂರ್ ಗಂಟೆ ನಾನು ಹ್ಯಾಂಡಲ್ ತಿರುಗುಸ್ತಾನೇ ಇದ್ದೆ ಕಣೋ" ಅಂದ ಕೊನೆಗೆ. "ಕಾಲ್ ನೋವು ಆಮೇಲೆ. ಅದುಕ್ಕಿಂತ ಮುಂಚೆ, ಇವ್ನು ಸತ್ತೋದ ಅಂತ ಅತ್ಬುಟ್ಟಿದ್ದೆ. ಮಖ ನೋಡ್ದೇ ಇರೋನಿಗೆ."

ನಾನು ತಲೆ ಎತ್ತಿ ಅವನ ಮುಖ ನೋಡಿದೆ.

"ಹೇಳ್ಬೇಕಿತ್ತು ನೀನು. ಕ್ಯಾಂಟೀನಲ್ಲೇ ಹೇಳ್ಬೇಕಿತ್ತು. ಹೇಳಿದ್ರೆ ಎರಡ್ ಬಾರುಸ್ತಿದ್ದೆ, ಮುಗ್ದೋಗದು. ಈಗ ಬೀಗನಿಗೆ ಎಂಗ್ ಹೊಡಿಯಾದು?" ಕೆಳಗಿದ್ದ ಕಟ್ಟಿನ ಕಡೆ ಕೈ ತೋರಿಸಿದ. "ಅದುನ್ನ ಎತ್ತಿ ಅಲ್ಲೇ ಹಾಕು. ಎರಡ್ನೇ ಸಲ ಕಟ್ಟಿದ್ದೇನ್ ಸುಳ್ಳಾ? ಆ ಶೆಲ್ ಸುಳ್ಳಾ? ಹೊಗೆಸೊಪ್ಪಿನೋರ್ ಕೈಗೆ ಫೋನ್ ವೈರ್ ಕೊಟ್ಟೋರ್ನ ಅನ್ಬೇಕು ಮೊದ್ಲು."

ಬೀಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಶ್ಯಾವಿಗೆ ತಣ್ಣಗಾಯ್ತದೆ, ಉಣ್ಣಿ" ಅಂದರು. ಯಾರೂ ಕೈ ಹಾಕಲಿಲ್ಲ.

ಆಗ ಬೀಗ ತನ್ನ ಸ್ಟೀಲ್ ಲೋಟ ಎತ್ತಿ ತಟ್ಟೆಯ ಅಂಚಿಗೆ ಮೂರು ಸಲ ಬಡಿದ. ಮೂರು ಸುತ್ತು ಹ್ಯಾಂಡಲ್ ತಿರುಗಿಸಿದ ಹಾಗೆ. ನಾನು ಒಳಗೇ ಎಣಿಸತೊಡಗಿದೆ. ನಾಲ್ಕು ಅನ್ನುವಷ್ಟರಲ್ಲಿ, ಅಮ್ಮನ ಮಡಿಲಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದ ಕೂಸು ಹೊರಳಿ ಲೋಟ ನೋಡಿತು, ತಾತನ ಮುಖ ನೋಡಿತು.

ಇಳಿದು ಬಂದು ಅವನ ಕೈಯಿಂದ ಲೋಟ ಕಿತ್ತುಕೊಂಡಿತು. ನಮ್ಮಿಬ್ಬರ ನಡುವೆ, ನನ್ನ ಎಡಗಡೆಗೆ ಕೂತು, ತಟ್ಟೆಗೆ ಒಂದು ಸಲ ಬಡಿದು ನಿಲ್ಲಿಸಿ ಕೇಳಿತು. ಇನ್ನೊಂದು ಸಲ ಬಡಿಯಿತು. ಆಮೇಲೆ ನಿಲ್ಲಿಸಲೇ ಇಲ್ಲ. ಬೀಗ ನನ್ನ ತಟ್ಟೆಗೆ ಸಾರು ಹುಯ್ದ. ಶ್ಯಾವಿಗೆ ಬಡಿಸುವ ಮಾತು, ಇನ್ನಷ್ಟು ಹಾಕಿಸಿಕೊಳ್ಳಿ ಅನ್ನುವ ಮಾತು ಯಾವುದೂ ಯಾರಿಗೂ ಕೇಳಿಸದ ಹಾಗೆ ಕೂಸು ಊಟ ಮುಗಿಯುವವರೆಗೂ ತಟ್ಟೆ ಬಡಿಯಿತು. ಯಾರೂ ಸುಮ್ನಿರು 
ಅನ್ನಲಿಲ್ಲ.